ಊರಿನ ಪ್ರಾಣಿಸೇವೆ ಸುಧಾರಿಸಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿಯಲ್ಲಿ ಗಾಯಗೊಂಡ ನಾಯಿ ಕಂಡಾಗ, ಮನೆಯ ಬೆಕ್ಕು ರಾತ್ರಿಯಾದರೂ ವಾಪಸ್ ಬರದಿದ್ದಾಗ, ಮಗುವಿಗೆ ನಾಯಿ ಕಚ್ಚಿದಾಗ ಜನ ಫೋನ್ ಮಾಡುವುದು ಸ್ಥಳೀಯ ಆಡಳಿತದ ಕಚೇರಿಗೆ. ಆದರೆ ಕಸ, ಚರಂಡಿ, ರಸ್ತೆ, ಬೀದಿದೀಪಗಳೆಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಗೆ ಬರುವುದು ಪ್ರಾಣಿಗಳ ವಿಭಾಗ. ಅನುದಾನವೂ ಕೊನೆಗೆ, ಸಿಬ್ಬಂದಿಯೂ ಕೊನೆಗೆ. ಇದನ್ನು ಸರಿಪಡಿಸಬೇಕೆಂದು ಹೊರಟ ನಿವಾಸಿಗಳು, ಚುನಾಯಿತ ಸದಸ್ಯರು, ಸ್ವಯಂಸೇವಕರು ಮತ್ತು ವಿಭಾಗದ ನೌಕರರೇ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಾಣಿಸೇವಾ ವಿಭಾಗದ ಕೆಲಸವೆಂದರೆ ನಾಯಿ ಹಿಡಿಯುವುದು ತಾನೇ?

ಒಂದು ಕಾಲಕ್ಕೆ ಹಾಗೇ ಇತ್ತು. ಹಿಡಿಯುವ ಗಾಡಿ, ಕೂಡಿಹಾಕುವ ದೊಡ್ಡಿ, ಕೆಲವು ದಿನ ಕಾದು ಕೊಲ್ಲುವುದು, ಇಷ್ಟೇ ವ್ಯವಸ್ಥೆ. ಇಂದು ಈ ವಿಭಾಗದ ಹೊಣೆ ಬಹಳ ಅಗಲವಾಗಿದೆ: ರೇಬೀಸ್ ತಡೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಕಚ್ಚಿದ ಪ್ರಕರಣಗಳ ತನಿಖೆ, ಕಳೆದುಹೋದ ಪ್ರಾಣಿಯನ್ನು ಮನೆ ಸೇರಿಸುವುದು, ಗಾಯಾಳು ಪ್ರಾಣಿಗೆ ತುರ್ತು ಚಿಕಿತ್ಸೆ, ದತ್ತು, ಹಿಂಸೆಯ ದೂರುಗಳು, ಸಾಕಲು ಕಷ್ಟಪಡುತ್ತಿರುವ ಮನೆಗಳಿಗೆ ನೆರವು.

ಇಷ್ಟು ಕೆಲಸಗಳಲ್ಲಿ ಯಾವುದು ಮೊದಲು ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ. ಪ್ರಾಣಿಯು ಶೆಲ್ಟರಿನ, ಅಂದರೆ ಪ್ರಾಣಿಗಳ ಆಶ್ರಯಕೇಂದ್ರದ, ಬಾಗಿಲಿಗೆ ಬರುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವ ಕೆಲಸಗಳು ಮೊದಲು, ಬಂದ ಪ್ರಾಣಿ ಬೇಗ ಹೊರಗೆ ಹೋಗುವಂತೆ ಮಾಡುವ ಕೆಲಸಗಳು ಆಮೇಲೆ, ಒಳಗೆ ಇಟ್ಟುಕೊಳ್ಳುವ ಏರ್ಪಾಡು ಕೊನೆಗೆ. ಹೆಚ್ಚಿನ ಕಡೆ ಹಣ ಹರಿಯುತ್ತಿರುವುದು ಇದಕ್ಕೆ ತದ್ವಿರುದ್ಧವಾಗಿ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಕ್ರಮವನ್ನು ತಿರುಗಿಸುವುದು ಹೇಗೆ ಎಂಬುದರ ಬಗ್ಗೆಯೇ ಇವೆ.

ಶೆಲ್ಟರ್ ಸದಾ ತುಂಬಿರುತ್ತದೆ. ಇನ್ನೊಂದು ದೊಡ್ಡ ಕಟ್ಟಡ ಕಟ್ಟಿಸಿದರೆ ಸರಿಹೋಗುವುದಿಲ್ಲವೇ?

ಸರಿಹೋಗುವುದಿಲ್ಲ. ಕೆಲವೇ ತಿಂಗಳಲ್ಲಿ ಅದೂ ತುಂಬುತ್ತದೆ. ಏಕೆಂದು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ದಿನಕ್ಕೆ ಸರಾಸರಿ 10 ಪ್ರಾಣಿಗಳು ಬರುತ್ತವೆ, ಪ್ರತಿಯೊಂದೂ ಸರಾಸರಿ 30 ದಿನ ಉಳಿಯುತ್ತದೆ ಎಂದುಕೊಳ್ಳಿ. ಆಗ ಯಾವ ದಿನ ಎಣಿಸಿದರೂ ಒಳಗೆ ಸುಮಾರು 300 ಪ್ರಾಣಿಗಳಿರುತ್ತವೆ. ಅದೇ ಪ್ರಾಣಿಗಳು 15 ದಿನಕ್ಕೇ ಮನೆ ಸೇರುವಂತಾದರೆ ಒಳಗಿರುವುದು 150. ಬರುವ ಪ್ರಾಣಿ ಒಂದೂ ಕಡಿಮೆಯಾಗಿಲ್ಲ, ಹೊರಗೆ ಹೋಗುವುದೂ ಕಡಿಮೆಯಾಗಿಲ್ಲ, ಹೊಸ ಗೋಡೆ ಎದ್ದಿಲ್ಲ. ಆದರೂ ದಟ್ಟಣೆ ಅರ್ಧಕ್ಕೆ ಇಳಿಯಿತು.

ಹಾಗಾದರೆ ಆ 15 ದಿನ ವ್ಯರ್ಥವಾಗುತ್ತಿದ್ದುದು ಎಲ್ಲಿ? ಹುಡುಕಿ ನೋಡಿದರೆ ಬಹುತೇಕ ಕಾಯುವಿಕೆಯಲ್ಲೇ. ಕಾನೂನಿನ ಪ್ರಕಾರ ಮಾಲೀಕರಿಗಾಗಿ ಕಾಯಬೇಕಾದ ಅವಧಿ ಮುಗಿದಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಸಂತಾನಹರಣಕ್ಕೆ ಸರದಿ ಬಂದಿರುವುದಿಲ್ಲ. ಫೋಟೊ ತೆಗೆದು ದತ್ತುಪಟ್ಟಿಗೆ ಹಾಕುವವರು ರಜೆಯಲ್ಲಿರುತ್ತಾರೆ. ಪಶುವೈದ್ಯರ ಸಹಿ ಆಗಿರುವುದಿಲ್ಲ. ಇದಕ್ಕೆ ಮದ್ದು ದಿನಕ್ಕೊಂದು ಸುತ್ತು: ವೈದ್ಯರು, ಆರೈಕೆಯವರು, ದತ್ತು ನೋಡಿಕೊಳ್ಳುವವರು ಒಟ್ಟಿಗೆ ಪ್ರತಿ ಗೂಡಿನ ಮುಂದೆ ನಿಂತು ‘ಈ ಪ್ರಾಣಿ ಇಲ್ಲಿಂದ ಹೊರಡಲು ಇಂದು ಏನಾಗಬೇಕು, ಅದನ್ನು ಯಾರು ಮಾಡುತ್ತಾರೆ’ ಎಂದು ಕೇಳಿಕೊಳ್ಳುವುದು. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ.

ದಟ್ಟಣೆಗೆ ಇನ್ನೊಂದು ಮುಖವೂ ಇದೆ. ಒಂದು ಪ್ರಾಣಿಗೆ ಊಟ ಹಾಕಿ, ಗೂಡು ಶುಚಿಮಾಡಲು ದಿನಕ್ಕೆ ಕನಿಷ್ಠ 15 ನಿಮಿಷ ಬೇಕು ಎಂಬುದು ಅಮೆರಿಕದ ಶೆಲ್ಟರ್‌ಗಳು ಬಹುಕಾಲದಿಂದ ಬಳಸುತ್ತಿರುವ ಅಳತೆ. 100 ಪ್ರಾಣಿಗಳಿದ್ದರೆ 25 ಗಂಟೆಯ ದುಡಿಮೆ. ಅಂದರೆ ಮೂವರು ಇಡೀ ದಿನ ಬೇರೇನೂ ಮಾಡದೆ ಅದನ್ನೇ ಮಾಡಿದರೂ ಸಾಲದು. ನಡೆಸುವುದು, ಆಡಿಸುವುದು, ಔಷಧಿ ಕೊಡುವುದು ಇದರಲ್ಲಿ ಸೇರಿಲ್ಲ. ಹೊಸ ಕಟ್ಟಡದ ಪ್ರಸ್ತಾವ ಬಂದಾಗ ಅದರ ಜೊತೆಗೇ ಸಿಬ್ಬಂದಿಯ ಪ್ರಸ್ತಾವವೂ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ವಿರೋಧಿಸಿ.

ಶೆಲ್ಟರಿಗೆ ಭೇಟಿ ಕೊಟ್ಟಾಗ ಆರೈಕೆ ಸರಿಯಿದೆಯೇ ಎಂದು ಸಾಮಾನ್ಯರು ಹೇಗೆ ತಿಳಿಯಬೇಕು?

ಮೂಗು, ಕಿವಿ, ಕಣ್ಣು ಸಾಕು.

ಮೂತ್ರದ ಘಾಟು ಕಣ್ಣಿಗೆ ಹತ್ತುವಂತಿದ್ದರೆ ಗಾಳಿಯಾಟ ಸಾಲದು. ಫಿನೈಲಿನ ಘಾಟು ತಲೆ ಸುತ್ತಿಸುವಂತಿದ್ದರೂ ಅದು ಶುಚಿತ್ವದ ಗುರುತಲ್ಲ; ಬೆಕ್ಕುಗಳಿಗಂತೂ ಅಂಥ ರಾಸಾಯನಿಕಗಳು ವಿಷ. ಇನ್ನು ಸದ್ದು. ಸಿಮೆಂಟು ಗೋಡೆ, ತಗಡಿನ ಚಾವಣಿಯ ನಾಯಿಗೂಡುಗಳಲ್ಲಿ ಬೊಗಳುವ ಸದ್ದು 100 ಡೆಸಿಬೆಲ್ ದಾಟುವುದು ಅಳೆದು ಕಂಡುಕೊಂಡ ಸಂಗತಿ. ಮನುಷ್ಯರಿಗೆ ಕಿವಿಗವಸು ಕಡ್ಡಾಯವಾಗುವ ಮಟ್ಟ ಅದು. ನಾಯಿಗಳು ಅದರಲ್ಲಿ ಹಗಲೂ ರಾತ್ರಿ ಇರುತ್ತವೆ.

ನಾಯಿ ಮಲಗುವ ಜಾಗ ಮತ್ತು ಮಲವಿಸರ್ಜನೆಯ ಜಾಗ ಬೇರೆ ಬೇರೆ ಇವೆಯೇ? ಬೆಕ್ಕುಗಳ ಗೂಡಿನಲ್ಲಿ ಅವಿತುಕೊಳ್ಳಲು ಒಂದು ಪೆಟ್ಟಿಗೆ ಇದೆಯೇ? ರಟ್ಟಿನ ಡಬ್ಬಿಯಾದರೂ ಸಾಕು. ನೆದರ್ಲೆಂಡ್ಸಿನಲ್ಲಿ ಶೆಲ್ಟರಿಗೆ ಹೊಸದಾಗಿ ಬಂದ ಬೆಕ್ಕುಗಳ ಮೇಲೆ ನಡೆದ ಅಧ್ಯಯನದಲ್ಲಿ, ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಉಳಿದವಕ್ಕಿಂತ ಬೇಗ ಒತ್ತಡದಿಂದ ಹೊರಬಂದವು. ಖರ್ಚಿಲ್ಲದ ಇಂಥ ಸುಧಾರಣೆಯನ್ನು ನಾಳೆಗೆ ತಳ್ಳುವುದಕ್ಕೆ ಯಾವ ಸಬೂಬೂ ಇಲ್ಲ.

ಹಸಿವು ಬಾಯಾರಿಕೆ, ಅನನುಕೂಲ, ನೋವು ಮತ್ತು ರೋಗ, ಭಯ ಮತ್ತು ಸಂಕಟ ಇವುಗಳಿಂದ ಮುಕ್ತಿ, ಜೊತೆಗೆ ಸಹಜವಾಗಿ ವರ್ತಿಸುವ ಅವಕಾಶ: ಈ ‘ಐದು ಸ್ವಾತಂತ್ರ್ಯ’ಗಳ ಚೌಕಟ್ಟು ಬೆಳೆದದ್ದು ಬ್ರಿಟನ್ನಿನಲ್ಲಿ 1965ರಲ್ಲಿ ಬಂದ ಬ್ರಾಂಬೆಲ್ ಸಮಿತಿಯ ವರದಿಯಿಂದ. ಅದು ಜಾನುವಾರುಗಳ ಬಗ್ಗೆ ಬರೆದದ್ದು. ಆದರೂ ಶೆಲ್ಟರಿನ ತಪಾಸಣೆಗೆ ಇವತ್ತಿಗೂ ಒಳ್ಳೆಯ ಆರಂಭ.

ಒಳಗೆ ಬಂದ ಮರಿಗಳು ಒಂದರ ಹಿಂದೆ ಒಂದು ಸಾಯುತ್ತಿವೆ. ಏಕೆ?

ಹೆಚ್ಚಾಗಿ ಪಾರ್ವೊ. ನಾಯಿಮರಿಗಳಲ್ಲಿ ವಾಂತಿ, ರಕ್ತಭೇದಿ ತರುವ ಈ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸಾಮಾನ್ಯ ಸೋಪಿಗೆ, ಹಲವು ಫಿನೈಲ್ ಬಗೆಗಳಿಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣಕ್ಕೆ ಬಗ್ಗುತ್ತದೆ, ಅದೂ ಮೊದಲು ಕೊಳೆಯನ್ನೆಲ್ಲ ತೊಳೆದು ತೆಗೆದಿದ್ದರೆ ಮಾತ್ರ. ಬೆಕ್ಕುಗಳಲ್ಲಿ ಇದರ ದಾಯಾದಿ ಪ್ಯಾನ್‌ಲ್ಯೂಕೊಪೀನಿಯ.

ತಡೆಯ ಮೊದಲ ನಿಯಮ: ಬಾಗಿಲಲ್ಲೇ ಲಸಿಕೆ. ದಾಖಲೆ ಪುಸ್ತಕಕ್ಕೆ ಹೆಸರು ಬರೆಯುವ ಮೇಜಿನ ಪಕ್ಕದಲ್ಲೇ ಲಸಿಕೆಯ ಪೆಟ್ಟಿಗೆ ಇರಬೇಕು. ‘ನಾಳೆ ಡಾಕ್ಟರು ಬಂದ ಮೇಲೆ’ ಎಂದರೆ ಒಂದು ರಾತ್ರಿ ತಡವಾಯಿತು, ಸೋಂಕಿಗೆ ಅಷ್ಟು ಸಾಕು. ಮರಿಗಳಿಗೆ ಎರಡು ವಾರಕ್ಕೊಮ್ಮೆ, ಸುಮಾರು ಐದು ತಿಂಗಳ ವಯಸ್ಸಿನವರೆಗೂ ಲಸಿಕೆ ಮುಂದುವರಿಯಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ, ಲಸಿಕೆ ಯಾವಾಗ ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಎರಡನೆಯ ನಿಯಮ, ಮರಿಗಳನ್ನು ದೊಡ್ಡವುಗಳ ಜೊತೆ ಇಡದಿರುವುದು. ಇದಕ್ಕಿಂತ ಒಳ್ಳೆಯದು ಮರಿಗಳನ್ನು ಶೆಲ್ಟರಿನಲ್ಲೇ ಇಡದೆ, ತಾತ್ಕಾಲಿಕವಾಗಿ ಸಾಕುವ ಮನೆಗಳಿಗೆ ಬಂದ ದಿನವೇ ಕಳಿಸುವುದು.

ಕಳೆದುಹೋದ ಸಾಕುಪ್ರಾಣಿ ಮನೆ ಸೇರುವಂತೆ ಮಾಡಲು ಏನು ಮಾಡಬೇಕು?

ಈ ಒಂದು ಕೆಲಸಕ್ಕೆ ಸಿಗಬೇಕಾದ ಗಮನ ಎಲ್ಲೂ ಸಿಗುತ್ತಿಲ್ಲ ಎಂಬುದು ನನ್ನ ದೊಡ್ಡ ಕೊರಗು. ಆ ಪ್ರಾಣಿಗೆ ಆಗಲೇ ಒಂದು ಮನೆಯಿದೆ. ಅದಕ್ಕಾಗಿ ಅಳುತ್ತಿರುವ ಮಕ್ಕಳಿದ್ದಾರೆ. ಅದಕ್ಕೆ ಹೊಸ ಮನೆ ಹುಡುಕುವ ಅಗತ್ಯವೇ ಇಲ್ಲ.

ಪ್ರಾಣಿಯ ಚರ್ಮದಡಿ ಗುರುತಿಗಾಗಿ ಸೇರಿಸುವ ಮೈಕ್ರೋಚಿಪ್ಪಿನಿಂದ ಆಗುವ ಲಾಭಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ 53 ಶೆಲ್ಟರ್‌ಗಳ ದಾಖಲೆ ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾರಿತಪ್ಪಿ ಬಂದ ಒಟ್ಟು ನಾಯಿಗಳಲ್ಲಿ ಸುಮಾರು 22% ಮಾಲೀಕರನ್ನು ಸೇರಿದ್ದವು. ಚಿಪ್ ಇದ್ದ ನಾಯಿಗಳಲ್ಲಿ 52%. ಬೆಕ್ಕುಗಳ ವ್ಯತ್ಯಾಸ ಇನ್ನೂ ತೀವ್ರ: ಒಟ್ಟಾರೆ 2%ಕ್ಕಿಂತ ಕಡಿಮೆ, ಚಿಪ್ ಇದ್ದವುಗಳಲ್ಲಿ 38%. ಚಿಪ್ ಇದ್ದೂ ಮಾಲೀಕರು ಸಿಗದಿದ್ದಕ್ಕೆ ಮುಖ್ಯ ಕಾರಣ, ನೋಂದಣಿಯಲ್ಲಿದ್ದ ಫೋನ್ ನಂಬರು ತಪ್ಪಾಗಿದ್ದುದು ಅಥವಾ ಬಳಕೆಯಲ್ಲಿಲ್ಲದ್ದು.

ಅಕ್ಕಿಕಾಳಿನಷ್ಟಿರುವ ಈ ಚಿಪ್ಪಿನಲ್ಲಿ ಬ್ಯಾಟರಿ ಇಲ್ಲ, ಅದು ಪ್ರಾಣಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಗಳ ಒಂದು ಸಂಖ್ಯೆಯನ್ನು ಹೇಳುತ್ತದೆ, ಅಷ್ಟೇ. ಆ ಸಂಖ್ಯೆಯ ಹಿಂದೆ ಸರಿಯಾದ ವಿಳಾಸ ಇಲ್ಲದಿದ್ದರೆ ಚಿಪ್ ಹಾಕಿಸಿದ್ದೇ ದಂಡ. ಆದ್ದರಿಂದ ಲಸಿಕಾ ಶಿಬಿರಕ್ಕೆ ಬಂದ ಪ್ರತಿ ಪ್ರಾಣಿಯನ್ನೂ ಸ್ಕ್ಯಾನ್ ಮಾಡಿ, ಮಾಲೀಕರ ಎದುರೇ ನಂಬರನ್ನು ಪರಿಶೀಲಿಸುವುದನ್ನು ರೂಢಿ ಮಾಡಬೇಕು. ಇಂಗ್ಲೆಂಡಿನಲ್ಲಿ ನಾಯಿಗಳಿಗೆ 2016ರ ಏಪ್ರಿಲಿನಿಂದ, ಬೆಕ್ಕುಗಳಿಗೆ 2024ರ ಜೂನಿನಿಂದ ಚಿಪ್ ಕಡ್ಡಾಯವಾಗಿದೆ. ಅಲ್ಲಿ ವಿಳಾಸ ಬದಲಾದಾಗ ತಿದ್ದಿಸುವುದೂ ಮಾಲೀಕರ ಹೊಣೆಯೇ.

ಸ್ಕ್ಯಾನರ್ ಶೆಲ್ಟರಿನಲ್ಲಿ ಇದ್ದರೆ ಸಾಲದು, ಪ್ರಾಣಿಯನ್ನು ತರುವ ಗಾಡಿಯಲ್ಲೇ ಇರಬೇಕು. ಚಿಪ್ ಸಿಕ್ಕಿತು, ಮನೆ ಎರಡು ಬೀದಿ ಆಚೆಗಿದೆ ಎಂದಾದರೆ ಅಲ್ಲಿಂದಲೇ ಮನೆಗೆ ಬಿಟ್ಟುಬಂದರಾಯಿತು. ಚಿಪ್ ಇಲ್ಲವೆಂದರೂ ಸಿಕ್ಕಿದ ಬೀದಿಯಲ್ಲಿ ನಾಲ್ಕು ಮನೆಯ ಕದ ತಟ್ಟಿ ಕೇಳಬೇಕು. ಕಳೆದ ಪ್ರಾಣಿಗಳು ನಾವಂದುಕೊಂಡಷ್ಟು ದೂರ ಹೋಗಿರುವುದಿಲ್ಲ. ಕಳೆದು ಸಿಕ್ಕ ಬೆಕ್ಕುಗಳ ಕುರಿತ ಅಧ್ಯಯನವೊಂದರಲ್ಲಿ ನಾಲ್ಕರಲ್ಲಿ ಮೂರು ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೆ.

ನಿಮ್ಮದೇ ಬೆಕ್ಕು ಕಳೆದಿದ್ದರೆ ಮೊದಲು ಮನೆಯ ಸುತ್ತ, ಪಕ್ಕದವರ ಶೆಡ್ಡು, ಮೆಟ್ಟಿಲ ಕೆಳಗೆ, ಪೊದೆಯೊಳಗೆ ಟಾರ್ಚ್ ಹಿಡಿದು ನೋಡಿ. ಹೆದರಿದ ಬೆಕ್ಕು ನೀವು ಕರೆದರೂ ಓಗೊಡುವುದಿಲ್ಲ.

ಸಾಕುಪ್ರಾಣಿ ಪರವಾನಗಿ ಎಂದರೆ ಇನ್ನೊಂದು ತೆರಿಗೆಯಲ್ಲವೇ?

ಕಟ್ಟಿದವರಿಗೆ ಏನೂ ಸಿಗದಿದ್ದರೆ ಹೌದು, ಬರೀ ತೆರಿಗೆ. ಕೆನಡಾದ ಕ್ಯಾಲ್ಗರಿ ನಗರ ಇದನ್ನು ಬೇರೆ ರೀತಿ ನೋಡಿ ಹೆಸರಾಯಿತು. ಪರವಾನಗಿಯ ಹಣ ಪ್ರಾಣಿಸೇವೆಗೇ ಹೋಗುತ್ತದೆ. ಪರವಾನಗಿ ಇರುವ ನಾಯಿ ಬೀದಿಯಲ್ಲಿ ಸಿಕ್ಕರೆ ಅದನ್ನು ಮನೆಗೆ ತಲುಪಿಸುವುದಕ್ಕೆ ಆದ್ಯತೆ. ಸಂತಾನಹರಣ ಆದ ಪ್ರಾಣಿಗೆ ಶುಲ್ಕ ಕಡಿಮೆ. ಕೊಟ್ಟ ಹಣಕ್ಕೆ ಸೇವೆ ಕಣ್ಣಿಗೆ ಕಂಡಾಗ ಜನ ತಾವಾಗಿಯೇ ನೋಂದಾಯಿಸುತ್ತಾರೆ. ದಂಡದಿಂದ ಶುರುಮಾಡಿದ ಕಡೆಗಳಲ್ಲಿ ಜನ ಪ್ರಾಣಿಗಳನ್ನು ಬಚ್ಚಿಡುತ್ತಾರೆ, ಕಡೆಗೆ ಲಸಿಕೆಗೂ ಹೊರಗೆ ತರುವುದಿಲ್ಲ.

ಬೀದಿನಾಯಿಗಳನ್ನು ಹಿಡಿದು ಊರಾಚೆ ಬಿಟ್ಟರೆ ಅಥವಾ ಕೊಂದರೆ ಸಮಸ್ಯೆ ಮುಗಿಯುತ್ತದಲ್ಲ?

ಸಿಟ್ಟಿನಲ್ಲಿ ಎಲ್ಲರಿಗೂ ಹಾಗನ್ನಿಸುತ್ತದೆ. ಮಗುವಿಗೆ ಕಚ್ಚಿಸಿಕೊಂಡ ತಂದೆತಾಯಿಯ ಮುಂದೆ ನಿಂತು ‘ನಾಯಿಗೂ ಜೀವವಿದೆ’ ಎಂದು ಉಪದೇಶ ಮಾಡುವುದು ಕ್ರೌರ್ಯ. ಅವರ ಭಯ ನಿಜ, ಅದಕ್ಕೆ ಉತ್ತರ ಕೊಡಬೇಕಾದದ್ದು ಆಡಳಿತ.

ಆದರೆ ಹಿಡಿದು ಸಾಗಿಸುವುದರಿಂದ ಆ ಉತ್ತರ ಸಿಗುವುದಿಲ್ಲ. ನಾಯಿಗಳು ಒಂದು ಜಾಗದಲ್ಲಿ ಇರುವುದು ಅಲ್ಲಿ ತಿನ್ನಲು ಸಿಗುವುದರಿಂದ: ತೆರೆದ ಕಸ, ಮಾಂಸದ ತ್ಯಾಜ್ಯ, ಊಟ ಹಾಕುವ ಕೈ. ಅದು ಹಾಗೇ ಉಳಿದಿರುವಾಗ ಖಾಲಿಯಾದ ಜಾಗಕ್ಕೆ ಪಕ್ಕದ ಪ್ರದೇಶದ ನಾಯಿಗಳು ಬರುತ್ತವೆ, ಉಳಿದವುಗಳ ಮರಿಗಳು ಹೆಚ್ಚು ಬದುಕುತ್ತವೆ. ನಾಯಿಯ ಗರ್ಭಾವಸ್ಥೆ ಸುಮಾರು 63 ದಿನ. ಹಿಡಿಯುವ ಗಾಡಿ ಅದರ ವೇಗಕ್ಕೆ ಸಾಟಿಯಾಗದು. ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಕೊಂದ ನಾಯಿಗಳಲ್ಲಿ ಲಸಿಕೆ ಹಾಕಿದವೂ ಇರುತ್ತವೆ, ಅವುಗಳ ಜಾಗಕ್ಕೆ ಲಸಿಕೆ ಇಲ್ಲದವು ಬರುತ್ತವೆ. ಸಾಮೂಹಿಕ ಹತ್ಯೆಯಿಂದ ರೇಬೀಸ್ ನಿಲ್ಲುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವುದು ಈ ಕಾರಣಕ್ಕೇ. ನಾಯಿಗಳಲ್ಲಿ ಕನಿಷ್ಠ 70%ಕ್ಕೆ ಲಸಿಕೆ ಹಾಕಿ ಆ ಮಟ್ಟವನ್ನು ಕಾಯ್ದುಕೊಂಡರೆ ರೋಗದ ಸರಪಳಿ ತುಂಡಾಗುತ್ತದೆ.

ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡುವ ವಿಧಾನ ಗೆಲ್ಲಬೇಕಾದರೆ ಪ್ರಮಾಣ ಮತ್ತು ಪಟ್ಟು ಎರಡೂ ಬೇಕು. ಭೂತಾನ್ 2009ರಲ್ಲಿ ರಾಷ್ಟ್ರಮಟ್ಟದಲ್ಲಿ ಇದನ್ನು ಆರಂಭಿಸಿತು. ತನ್ನ ಬೀದಿನಾಯಿಗಳಿಗೆಲ್ಲ ಸಂತಾನಹರಣ ಆಗಿದೆ ಎಂದು ಅದು ಘೋಷಿಸಿದ್ದು 2023ರಲ್ಲಿ. ಪುಟ್ಟ ದೇಶಕ್ಕೇ ಅಷ್ಟು ವರ್ಷ ಹಿಡಿಯಿತು. ಹಾಗಾಗಿ ‘ಆರು ತಿಂಗಳಲ್ಲಿ ನಾಯಿಮುಕ್ತ’ ಎಂದು ಭಾಷಣ ಮಾಡುವವರನ್ನು ನಂಬಬೇಡಿ.

ಒಂದು ಮಾತು ಮಾತ್ರ ಪ್ರಾಣಿಪ್ರಿಯರೂ ಒಪ್ಪಬೇಕು. ಮತ್ತೆ ಮತ್ತೆ ಜನರ ಮೇಲೆರಗುವ ನಾಯಿಯನ್ನು ಸಂತಾನಹರಣ ಆಗಿದೆ ಎಂಬ ಕಾರಣಕ್ಕೆ ಅಲ್ಲಿಗೇ ತಂದು ಬಿಡುವುದು ಸರಿಯಲ್ಲ. ಅದನ್ನು ಬೇರೆಯಾಗಿ ಪರೀಕ್ಷಿಸಿ ತೀರ್ಮಾನಿಸಬೇಕು.

ನಮ್ಮಲ್ಲೂ ಸಂತಾನಹರಣ ನಡೆಯುತ್ತಿದೆ, ಮರಿಗಳು ಮಾತ್ರ ಕಡಿಮೆಯಾಗಿಲ್ಲ. ತಪ್ಪೆಲ್ಲಿ?

ಬಹುಶಃ ಚೆದುರಿದ ಕೆಲಸದಲ್ಲಿ. ದೂರು ಬಂದ ಕಡೆ ಇವತ್ತು ಎರಡು, ನಾಳೆ ಇನ್ನೊಂದು ಕಡೆ ಮೂರು ಎಂದು ಹಿಡಿದರೆ ಎಲ್ಲಿಯೂ ಪ್ರಮಾಣ ಮುಟ್ಟುವುದಿಲ್ಲ. ಒಂದು ವಾರ್ಡು ಹಿಡಿದರೆ ಅಲ್ಲಿನ ಹೆಣ್ಣುನಾಯಿಗಳಲ್ಲಿ ಬಹುತೇಕ ಎಲ್ಲವೂ ಮುಗಿಯುವವರೆಗೆ ಬಿಡಬಾರದು. ಆಮೇಲೆ ಪಕ್ಕದ ವಾರ್ಡು.

ಪ್ರಗತಿ ಅಳೆಯಲು ದುಬಾರಿ ಸಮೀಕ್ಷೆ ಬೇಕಿಲ್ಲ. ಅದೇ ಬೀದಿಗಳನ್ನು ಅದೇ ಬೆಳಗಿನ ಹೊತ್ತಿನಲ್ಲಿ ವರ್ಷಕ್ಕೆರಡು ಸಲ ನಡೆದು ಮೂರನ್ನು ಎಣಿಸಿ: ಒಟ್ಟು ನಾಯಿಗಳು, ಸಂತಾನಹರಣ ಆಗಿದೆ ಎಂದು ಕಿವಿಯಲ್ಲಿ ಕತ್ತರಿಸಿದ ಗುರುತಿರುವವು, ಹಾಲೂಡಿಸುತ್ತಿರುವ ತಾಯಿಗಳು. ಮೂರನೆಯ ಸಂಖ್ಯೆ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಕಾಗದದ ಮೇಲೆ ಸಾವಿರಾರು ಶಸ್ತ್ರಚಿಕಿತ್ಸೆ ಇದ್ದು ಬೀದಿಯಲ್ಲಿ ಕಿವಿಗುರುತೇ ಕಾಣದಿದ್ದರೆ ಲೆಕ್ಕ ಕೇಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಗುಣಮಟ್ಟದ ಬಗ್ಗೆಯೂ ಕೇಳಿ. ಶಸ್ತ್ರಚಿಕಿತ್ಸೆಗೆ ಮುಂಚೆ, ನಂತರ ನೋವುನಿವಾರಕ ಕೊಡುತ್ತಾರೆಯೇ? ಪ್ರತಿ ಪ್ರಾಣಿಗೂ ಬೇರೆ ಕ್ರಿಮಿಶುದ್ಧ ಉಪಕರಣಗಳಿವೆಯೇ? ಹೊಲಿಗೆ ಬಿಚ್ಚಿಕೊಂಡವು, ಸತ್ತವು ಎಷ್ಟು ಎಂದು ಬರೆದಿಡುತ್ತಾರೆಯೇ? ಹಿಡಿದ ಜಾಗವನ್ನು ಫೋಟೊ ಸಹಿತ ದಾಖಲಿಸಿ ಅಲ್ಲಿಗೇ ಬಿಡುತ್ತಾರೆಯೇ? ಗಾಯ ಮಾಗದ ನಾಯಿಯನ್ನು ಗುರುತಿಲ್ಲದ ಬೀದಿಯಲ್ಲಿ ಇಳಿಸಿ ಹೋಗುವುದನ್ನು ಒಮ್ಮೆ ಕಂಡ ನಿವಾಸಿಗಳು ಮುಂದಿನ ಸಲ ನಾಯಿಗಳನ್ನು ಬಚ್ಚಿಡುತ್ತಾರೆ. ಇಡೀ ಕಾರ್ಯಕ್ರಮ ಅಲ್ಲಿಗೇ ಮುಗಿಯುತ್ತದೆ.

ನಾಯಿ ಕಚ್ಚಿದ ತಕ್ಷಣ ಏನು ಮಾಡಬೇಕು?

ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಆಮೇಲೆ ನೇರ ಆಸ್ಪತ್ರೆಗೆ. ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬೇಡಿ. ಬೆಕ್ಕು ಕಚ್ಚಿದರೂ, ಪರಚಿದ ಗಾಯವಾದರೂ ಇದೇ ಕ್ರಮ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೂ ಮೊದಲು ಸರಿಯಾದ ಚಿಕಿತ್ಸೆ ಸಿಕ್ಕರೆ ರೋಗ ಬಾರದಂತೆ ತಡೆಯಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ 99%ರವರೆಗೂ ನಾಯಿಗಳಿಂದಲೇ ಬರುವಂಥದ್ದು.

ಕಚ್ಚಿದ ನಾಯಿಯನ್ನು ಹೊಡೆದು ಕೊಂದರೆ ನಿಮಗೇ ನಷ್ಟ. ಅದನ್ನು 10 ದಿನ ನಿಗಾದಲ್ಲಿಟ್ಟು, ಆಗಲೂ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ತಿಳಿಯುತ್ತದೆ. ಆದರೆ ಆ 10 ದಿನ ಕಾಯುತ್ತ ಲಸಿಕೆ ಮುಂದೂಡಬೇಡಿ. ಲಸಿಕೆ ಮೊದಲ ದಿನವೇ ಶುರುವಾಗಲಿ.

ಪ್ರಾಣಿಸೇವಾ ವಿಭಾಗಕ್ಕೂ ಆರೋಗ್ಯ ವಿಭಾಗಕ್ಕೂ ನಡುವೆ ದಿನದಿನದ ಮಾಹಿತಿ ಹರಿಯಬೇಕು. ಆಸ್ಪತ್ರೆಗೆ ಒಂದೇ ಬೀದಿಯಿಂದ ಮೂವರು ಕಚ್ಚಿಸಿಕೊಂಡು ಬಂದರೆ ಅಂದು ಸಂಜೆಯೊಳಗೆ ಆ ಬೀದಿಗೆ ತಂಡ ಹೋಗಬೇಕು.

‘ಅಪಾಯಕಾರಿ ತಳಿ’ಗಳನ್ನು ನಿಷೇಧಿಸಿದರೆ ಕಚ್ಚುವುದು ಕಡಿಮೆಯಾಗುವುದೇ?

ನೆದರ್ಲೆಂಡ್ಸ್ ಪಿಟ್‌ಬುಲ್ ಮಾದರಿಯ ನಾಯಿಗಳನ್ನು 1993ರಲ್ಲಿ ನಿಷೇಧಿಸಿತ್ತು. ಕಚ್ಚಿದ ಪ್ರಕರಣಗಳು ಇಳಿಯದ ಕಾರಣ 2008ರಲ್ಲಿ ಆ ನಿಷೇಧ ಕೈಬಿಡಲು ತೀರ್ಮಾನಿಸಿತು. ನಾಯಿ ಕಚ್ಚುವುದರ ಹಿಂದೆ ಸರಪಳಿ, ಏಕಾಂತ, ನೋವು, ಮರಿಗಳ ರಕ್ಷಣೆ, ಚಿಕ್ಕಂದಿನಲ್ಲಿ ಜನರ ಒಡನಾಟ ಸಿಗದಿರುವುದು, ಮಾಲೀಕರ ಅಜಾಗ್ರತೆ ಇವೆಲ್ಲ ಇರುತ್ತವೆ. ನಾಯಿಯ ವರ್ತನೆ ಮತ್ತು ಮಾಲೀಕರ ನಡತೆಯ ಮೇಲೆ ನಿಲ್ಲುವ ಕಾನೂನು ಕೆಲಸಕ್ಕೆ ಬರುತ್ತದೆ. ಮೊದಲ ದೂರಿಗೇ ಮನೆಗೆ ಭೇಟಿ, ಎಚ್ಚರಿಕೆ, ಬಾಯಿಕುಕ್ಕೆ, ಬೇಲಿಯ ಷರತ್ತು ಹಾಕಬೇಕು. ಎರಡನೆಯದಕ್ಕೆ ಬಿಗಿಯಾದ ಕ್ರಮ.

ಬೀದಿಬೆಕ್ಕುಗಳ ವಿಷಯ?

ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು, ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಆದ್ದರಿಂದ ‘ಒಂದು ಸೂಲು ಆಗಲಿ’ ಎಂದು ಕಾಯುವುದು ಬೇಡ. ಹಿಡಿದು, ಸಂತಾನಹರಣ ಮಾಡಿ, ಕಿವಿಯ ತುದಿ ಕತ್ತರಿಸಿ ಅಲ್ಲಿಗೇ ಬಿಡುವ ಕ್ರಮ ಇಲ್ಲೂ ನಡೆಯುತ್ತದೆ. ಇಲ್ಲೂ ಗುಂಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಗಿಸಿದರೆ ಮಾತ್ರ ಫಲ. ನೆಲದ ಮೇಲೆ ಗೂಡು ಕಟ್ಟುವ ಅಪರೂಪದ ಹಕ್ಕಿಗಳಿರುವ ದ್ವೀಪ, ಕಾಡಂಚಿನ ಪ್ರದೇಶಗಳ ಮಾತು ಬೇರೆ. ಬೆಕ್ಕು ಅಲ್ಲಿ ನಿಜಕ್ಕೂ ಹಾನಿ ಮಾಡುತ್ತದೆ, ಅಲ್ಲಿಗೆ ತಂದು ಬಿಡುವುದು ತಪ್ಪು.

ಸಾಕಿದ ಪ್ರಾಣಿಯನ್ನು ತಂದು ಬಿಟ್ಟುಹೋಗುವವರಿಗೆ ನಾಚಿಕೆಯಾಗಬೇಡವೇ?

ನಾನು ಹಾಗೆ ನೋಡುವುದಿಲ್ಲ. ಬಾಡಿಗೆಮನೆಯ ಮಾಲೀಕರು ಪ್ರಾಣಿ ಬೇಡವೆಂದಿರುತ್ತಾರೆ, ಕೆಲಸ ಹೋಗಿರುತ್ತದೆ, ಚಿಕಿತ್ಸೆಯ ಖರ್ಚು ಕೈಮೀರಿರುತ್ತದೆ, ಮನೆಯಲ್ಲಿ ಯಾರಿಗೋ ಕಾಯಿಲೆ. ಅವರಲ್ಲಿ ಹಲವರು ಬಾಗಿಲಲ್ಲೇ ಅಳುತ್ತ ನಿಂತಿರುತ್ತಾರೆ. ಅವರನ್ನು ಗದರಿಸಿದರೆ ಮುಂದಿನವರು ಪ್ರಾಣಿಯನ್ನು ಹೆದ್ದಾರಿಯಲ್ಲಿ ಬಿಟ್ಟುಹೋಗುತ್ತಾರೆ, ಅಷ್ಟೇ.

ಮೇಜಿನ ಆಚೆ ಕುಳಿತವರು ಕೇಳಬೇಕಾದ ಮೊದಲ ಪ್ರಶ್ನೆ: ‘ಏನು ಸಿಕ್ಕರೆ ಇದನ್ನು ನೀವೇ ಇಟ್ಟುಕೊಳ್ಳಬಹುದು?’ ಒಂದು ಚೀಲ ಆಹಾರ, ಉಚಿತ ಸಂತಾನಹರಣ, ತುರಿಕೆಗೆ ಔಷಧಿ, ಎರಡು ವಾರದ ತಾತ್ಕಾಲಿಕ ಆಸರೆ, ಮನೆಮಾಲೀಕರೊಡನೆ ಒಂದು ಮಾತು: ಇಷ್ಟರಲ್ಲೇ ಪರಿಹಾರವಾಗುವ ಪ್ರಕರಣಗಳಿವೆ. ಶೆಲ್ಟರಿನೊಳಗೆ ಒಂದು ತಿಂಗಳು ಇಟ್ಟುಕೊಳ್ಳುವ ಖರ್ಚಿನ ಮುಂದೆ ಇವೆಲ್ಲ ಅಗ್ಗ. ತುರ್ತಿಲ್ಲದಿದ್ದರೆ ದಿನ ಗೊತ್ತುಮಾಡಿ ಕರೆಯುವುದೂ ಒಳ್ಳೆಯದು, ಆ ನಡುವೆ ಎಷ್ಟೋ ಜನ ನೆಂಟರಲ್ಲೋ ಸ್ನೇಹಿತರಲ್ಲೋ ಮನೆ ಹುಡುಕಿಕೊಳ್ಳುತ್ತಾರೆ. ಆದರೆ ಗಾಯಗೊಂಡ, ಅಪಾಯದಲ್ಲಿರುವ ಪ್ರಾಣಿಗೆ ‘ಮುಂದಿನ ವಾರ ಬನ್ನಿ’ ಎನ್ನುವ ಹಾಗಿಲ್ಲ.

ದತ್ತು ಕೊಡುವಾಗ ಕಟ್ಟುನಿಟ್ಟು ಇರಬೇಡವೇ?

ಇರಬೇಕು, ಅರ್ಥವಿರುವ ಕಡೆ. ಸ್ವಂತ ಮನೆಯಿರಬೇಕು, ಕಾಂಪೌಂಡ್ ಇರಬೇಕು, ಒಂಟಿ ಇರಬಾರದು, ಇಷ್ಟೇ ಸಂಬಳವಿರಬೇಕು ಎಂಬ ಷರತ್ತುಗಳಿಂದ ಒಳ್ಳೆಯ ಜನ ವಾಪಸ್ ಹೋಗುತ್ತಾರೆ. ಅರ್ಜಿಗಿಂತ ಮಾತುಕತೆ ಮೇಲು. ಮನೆಯಲ್ಲಿ ಯಾರಿದ್ದಾರೆ, ದಿನ ಹೇಗೆ ಕಳೆಯುತ್ತದೆ, ಇದಕ್ಕೆ ಮುಂಚೆ ಸಾಕಿದ್ದರೆ ಅದಕ್ಕೇನಾಯಿತು ಎಂದು ಕೇಳಿ, ಹೊಂದುವ ಪ್ರಾಣಿಯನ್ನು ತೋರಿಸಿ. ಶುಲ್ಕವಿಲ್ಲದೆ ಕೊಟ್ಟರೆ ಬೆಲೆ ಇರುವುದಿಲ್ಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಬೆಕ್ಕುಗಳ ದತ್ತಿನ ಮೇಲೆ ನಡೆದ ಅಧ್ಯಯನದಲ್ಲಿ ಹಣ ಕೊಟ್ಟವರಿಗೂ ಕೊಡದವರಿಗೂ ಪ್ರಾಣಿಯ ಮೇಲಿನ ಅಕ್ಕರೆಯಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಸಂತಾನಹರಣ ಆಗದೆ ಪ್ರಾಣಿಯನ್ನು ಕಳಿಸುವುದು ಮಾತ್ರ ಬೇಡ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

‘ನಮ್ಮಲ್ಲಿ ಒಂದನ್ನೂ ಕೊಲ್ಲುವುದಿಲ್ಲ’ ಎನ್ನುವ ಶೆಲ್ಟರ್ ಒಳ್ಳೆಯದೇ?

ಆ ಗುರಿ ಒಳ್ಳೆಯದು. ಜಾಗವಿಲ್ಲವೆಂದು ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವುದು ಆಡಳಿತದ ಸೋಲು. ಬಂದವುಗಳಲ್ಲಿ 90% ಜೀವಂತ ಹೊರಹೋದರೆ ಗುರಿ ಮುಟ್ಟಿದಂತೆ ಎಂಬ ರೂಢಿಯೂ ಇದೆ. ಆದರೆ ಆ ಒಂದು ಸಂಖ್ಯೆಯನ್ನು ಮುಟ್ಟಲು ಅಡ್ಡದಾರಿಗಳಿವೆ. ಕಷ್ಟದ ಪ್ರಾಣಿಗಳನ್ನು ಒಳಗೇ ಸೇರಿಸಿಕೊಳ್ಳದಿರಬಹುದು, ವರ್ಷಗಟ್ಟಲೆ ಗೂಡಿನಲ್ಲಿ ಕೊಳೆಯಲು ಬಿಡಬಹುದು. ಗುಣವಾಗದ ನೋವಿನಲ್ಲಿ ನರಳುವ ಪ್ರಾಣಿಯನ್ನು ಸಂಖ್ಯೆಗಾಗಿ ಬದುಕಿಸಿಡುವುದು ದಯೆಯಲ್ಲ. ಅಂಥ ಪ್ರಾಣಿಗೆ ತರಬೇತಾದ ಕೈಯಿಂದ, ಪ್ರಜ್ಞೆ ತಪ್ಪಿಸುವ ಪೆಂಟೊಬಾರ್ಬಿಟಾಲ್ ಚುಚ್ಚುಮದ್ದಿನಿಂದ, ಪಕ್ಕದಲ್ಲಿ ಯಾರಾದರೂ ಮೈದಡವುತ್ತಿರುವಾಗ ಸಾವು ಬರಬೇಕು. ನಿರ್ಧಾರ ಒಬ್ಬರದೇ ಆಗಿರಬಾರದು, ಕಾರಣ ಬರೆದಿಡಬೇಕು.

ವಿಭಾಗದಿಂದ ಯಾವ ಅಂಕಿ-ಅಂಶ ಕೇಳಬೇಕು?

ಪ್ರತಿ ತಿಂಗಳು, ನಾಯಿ ಬೆಕ್ಕು ಬೇರೆ ಬೇರೆಯಾಗಿ: ಎಷ್ಟು ಬಂದವು, ಹೇಗೆ ಬಂದವು, ಎಷ್ಟು ಮಾಲೀಕರಿಗೆ ಮರಳಿದವು, ದತ್ತು ಹೋದವು, ಬೇರೆ ಸಂಸ್ಥೆಗೆ ಹೋದವು, ಒಳಗೇ ಸತ್ತವು, ದಯಾಮರಣ ಕಂಡವು, ಸರಾಸರಿ ಎಷ್ಟು ದಿನ ಉಳಿದವು. ‘ಒಳಗೇ ಸತ್ತವು’ ಎಂಬ ಸಾಲನ್ನು ಬಿಟ್ಟ ವರದಿಯನ್ನು ಒಪ್ಪಬೇಡಿ. ಆರೈಕೆಯ ನಿಜಸ್ಥಿತಿ ಕಾಣುವುದು ಅಲ್ಲೇ. ಎಲ್ಲರೂ ಒಂದೇ ರೀತಿ ಎಣಿಸಬೇಕೆಂದು 2004ರಲ್ಲಿ ಅಮೆರಿಕದ ಪ್ರಾಣಿಕಲ್ಯಾಣ ಸಂಸ್ಥೆಗಳು ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಕೂಡಿ ವ್ಯಾಖ್ಯೆಗಳನ್ನು ಒಪ್ಪಿಕೊಂಡಿದ್ದವು. ಅಂಥ ಒಪ್ಪಂದವಿಲ್ಲದೆ ಎರಡು ಊರುಗಳ ಹೋಲಿಕೆ ಸಾಧ್ಯವಿಲ್ಲ.

ಇಡೀ ಕೆಲಸವನ್ನು ಸ್ವಯಂಸೇವಾ ಸಂಸ್ಥೆಗೆ ವಹಿಸಿದರೆ?

ನ್ಯೂಯಾರ್ಕ್ ನಗರ ತನ್ನ ಪ್ರಾಣಿ ನಿಯಂತ್ರಣವನ್ನು 1894ರಿಂದ ಸುಮಾರು ಒಂದು ಶತಮಾನ ಪ್ರಾಣಿದಯಾ ಸಂಘಕ್ಕೇ ವಹಿಸಿತ್ತು, ಹಾಗಾಗಿ ಇದು ಹೊಸ ಯೋಚನೆಯಲ್ಲ. ವಹಿಸಬಹುದು. ಹೊಣೆ ಮಾತ್ರ ಆಡಳಿತದ್ದಾಗಿಯೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯೊಂದಕ್ಕೆ ಇಷ್ಟು ಎಂದು ಹಣ ಕೊಟ್ಟರೆ ಸುಲಭಕ್ಕೆ ಸಿಗುವ ಗಂಡುನಾಯಿಗಳ ಸಂಖ್ಯೆ ಏರುತ್ತದೆ. ಪ್ರದೇಶ ಪೂರ್ಣಗೊಳಿಸಿದ್ದಕ್ಕೆ ಕೊಡಿ. ಮುಂಗಡವಿಲ್ಲದೆ, ಬಾಕಿ ಉಳಿಸಿಕೊಂಡು, ಸಂಸ್ಥೆಯವರ ಕೈಯಿಂದಲೇ ಔಷಧಿ ತರಿಸಿ ಒಳ್ಳೆಯವರನ್ನು ಸೋಲಿಸುವುದೂ ನಡೆಯುತ್ತದೆ. ಅದು ನಿಲ್ಲಬೇಕು.

ಸಿಬ್ಬಂದಿಯ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ?

ನಾಯಿ ಹಿಡಿಯುವವರಿಗೆ, ಗೂಡು ತೊಳೆಯುವವರಿಗೆ ರೇಬೀಸ್ ಮುಂಜಾಗ್ರತಾ ಲಸಿಕೆ, ಕೈಗವಸು, ಖಾಯಂ ಸಂಬಳ, ತರಬೇತಿ ಸಿಗಬೇಕು. ದಿನವೂ ನೋವು ನೋಡುವವರ ಮನಸ್ಸು ದಣಿಯುತ್ತದೆ. ದಯಾಮರಣದ ಕೆಲಸವನ್ನು ಒಬ್ಬರ ಮೇಲೇ ಹೊರಿಸದೆ ಸರದಿ ಮಾಡಬೇಕು. ಅವರು ತಂತಿಯ ಕುಣಿಕೆ ಬಿಟ್ಟು ಬಲೆ ಬಳಸಬೇಕೆಂದು ಬಯಸುವ ನಾವು, ಆ ಬಲೆ ಕೊಡಿಸುವುದಕ್ಕೂ ದನಿ ಎತ್ತಬೇಕು.

ಪ್ರಾಣಿಹಿಂಸೆಯ ದೂರು ಕೊಟ್ಟರೆ ‘ಬರೀ ನಾಯಿ ತಾನೇ’ ಎನ್ನುತ್ತಾರೆ.

ಪ್ರಾಣಿಗೆ ಹೊಡೆಯುವ ಮನೆಯಲ್ಲಿ ಹೆಂಗಸರು, ಮಕ್ಕಳು ಕೂಡ ಪೆಟ್ಟು ತಿನ್ನುತ್ತಿರುವ ಸಾಧ್ಯತೆ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿಹಿಂಸೆಯನ್ನು ಅಪರಾಧ ಅಂಕಿಅಂಶದಲ್ಲಿ ಪ್ರತ್ಯೇಕವಾಗಿ ಎಣಿಸುತ್ತಿರುವುದಕ್ಕೆ ಇದೂ ಒಂದು ಹಿನ್ನೆಲೆ. ಪ್ರಾಣಿಸೇವೆಯವರು ಮನೆಯೊಳಗೆ ಕಂಡದ್ದನ್ನು ಮಕ್ಕಳ ರಕ್ಷಣಾ ವಿಭಾಗಕ್ಕೆ ತಿಳಿಸುವ ದಾರಿ ಬರಹದಲ್ಲಿರಬೇಕು. ದೂರು ಕೊಡುವಾಗ ದಿನಾಂಕ, ಸಮಯ, ಫೋಟೊ, ಪಶುವೈದ್ಯರ ಪತ್ರ ಇದ್ದರೆ ಪ್ರಕರಣ ನಿಲ್ಲುತ್ತದೆ.

ಪ್ರವಾಹ, ಬೆಂಕಿಯಂಥ ವಿಪತ್ತಿನಲ್ಲಿ ಪ್ರಾಣಿಗಳ ಗತಿ?

2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರೆವೆಂದು ಎಷ್ಟೋ ಜನ ಮುಳುಗುವ ಮನೆಗಳಲ್ಲೇ ಉಳಿದರು. ಮರುವರ್ಷವೇ ಅಮೆರಿಕ ಕಾನೂನು ತಂದು, ತೆರವಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳೂ ಸೇರಬೇಕೆಂದಿತು. ಪರಿಹಾರ ಕೇಂದ್ರದ ಪಕ್ಕದಲ್ಲೇ ಪ್ರಾಣಿಗಳಿಗೊಂದು ಜಾಗವಿದ್ದರೆ ಮನುಷ್ಯರ ಜೀವವೂ ಉಳಿಯುತ್ತದೆ. ಯಾವ ಶಾಲೆಯ ಯಾವ ಕೋಣೆ, ಎಷ್ಟು ಗೂಡು, ಬೀಗದ ಕೈ ಯಾರ ಬಳಿ ಎಂಬುದು ಮಳೆಗಾಲಕ್ಕೆ ಮೊದಲೇ ಬರೆದಿಟ್ಟಿರಬೇಕು.

ಒಂಟಿಯಾಗಿರುವ ಹಿರಿಯರು ಆಸ್ಪತ್ರೆ ಸೇರಿದರೆ ಅವರ ಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತಾರೆ?

ಈ ಪ್ರಶ್ನೆ ಕೇಳುವವರು ಹೆಚ್ಚುತ್ತಿದ್ದಾರೆ. ಬೆಕ್ಕಿಗೆ ಊಟ ಹಾಕುವವರಿಲ್ಲವೆಂದು ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವ ಹಿರಿಯರಿದ್ದಾರೆ. ಆಂಬುಲೆನ್ಸಿನವರು ಮನೆಯಲ್ಲಿ ಪ್ರಾಣಿ ಕಂಡರೆ ಪ್ರಾಣಿಸೇವೆಗೆ ತಿಳಿಸುವ ಏರ್ಪಾಡು, ತಾತ್ಕ್ಷಣಿಕ ಆಸರೆ ಕೊಡುವ ಮನೆಗಳ ಪಟ್ಟಿ, ಕನಿಷ್ಠ ಒಂದು ತಿಂಗಳು ಆ ಪ್ರಾಣಿಯನ್ನು ದತ್ತುಪಟ್ಟಿಗೆ ಸೇರಿಸದಿರುವ ನಿಯಮ ಇವು ಮೂರು ಇದ್ದರೆ ಬಹಳಷ್ಟು ಆತಂಕ ನೀಗುತ್ತದೆ. ನೀವು ಒಬ್ಬರೇ ಇದ್ದು ಪ್ರಾಣಿ ಸಾಕಿದ್ದರೆ ಇಂದೇ ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ: ಮನೆಯಲ್ಲಿ ಯಾವ ಪ್ರಾಣಿಯಿದೆ, ಏನು ತಿನ್ನುತ್ತದೆ, ಯಾವ ಔಷಧಿ ನಡೆಯುತ್ತಿದೆ, ಮನೆಯ ಇನ್ನೊಂದು ಕೀಲಿ ಯಾರ ಬಳಿಯಿದೆ, ಅವರ ಫೋನ್ ನಂಬರು. ಅದರದ್ದೇ ಇನ್ನೊಂದು ಪ್ರತಿ ಬಾಗಿಲ ಒಳಬದಿಗೆ ಅಂಟಿಸಿ.